ಎಡ ಮಡ್‌ಗಾರ್ಡಿನ ಕುಂಕುಮ

ಗಾಡಿಗೆ ಬಣ್ಣ ಹೊಡೆಯುವುದನ್ನು ಕಲಿಯಬೇಕು ಎಂದು ಈಗಲೂ ಒಬ್ಬಿಬ್ಬರು ನನ್ನನ್ನು ಹುಡುಕಿಕೊಂಡು ಕೊಪ್ಪಕ್ಕೆ ಬರುತ್ತಾರೆ. ಬೇಡ ಮಾರಾಯ, ಬೇರೆ ಏನಾದರೂ ನೋಡಿಕೊ ಎನ್ನುತ್ತೇನೆ. ಕೇಳುವುದಿಲ್ಲ. ಯಾರು ತಾನೇ ಕೇಳುತ್ತಾರೆ? ನಾನೂ ಕೇಳಿರಲಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ಮಾತಾಡಿದರೆ ಕೆಮ್ಮು ಬರುತ್ತದೆ, ಬರೆದರೆ ಬರುವುದಿಲ್ಲ. ಅದೂ ಒಂದು ಕಾರಣ.

ಮೊದಲು ಇದನ್ನು ತಿಳಿದುಕೊಳ್ಳಿ. ಪೇಂಟರ್ ಎನ್ನಿಸಿಕೊಂಡವನು ಬಣ್ಣ ಹೊಡೆಯುವ ಹೊತ್ತು ಬಹಳ ಕಡಿಮೆ. ಉಳಿದದ್ದೆಲ್ಲ ಉಜ್ಜುವ ಕೆಲಸ. ಪುಟ್ಟಿ ಮೆತ್ತು, ಒಣಗಲಿ ಎಂದು ಕಾಯಿ, ನೀರು ಹಾಕಿಕೊಂಡು ವಾಟರ್ ಪೇಪರಿನಲ್ಲಿ ಉಜ್ಜು, ಪ್ರೈಮರ್ ಹೊಡಿ, ಮತ್ತೆ ಉಜ್ಜು. ಉಜ್ಜಿ ಉಜ್ಜಿ ನನ್ನ ಬೆರಳಿನ ಗೆರೆಗಳೇ ಅಳಿಸಿಹೋಗಿವೆ. ಈಗ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಿಷಿನ್ನು ನನ್ನನ್ನು ಮನುಷ್ಯ ಎಂದೇ ಒಪ್ಪುವುದಿಲ್ಲ. ಅಕ್ಕಿ ತರಲು ಹೆಂಡತಿಯೇ ಹೋಗಬೇಕು.

ನಮ್ಮ ಕಡೆ ಇದರ ಜೊತೆಗೆ ತೇವದ ಕಾಟ. ಹಳೆಯ ಕಾಲದ ಥಿನ್ನರ್ ಬಣ್ಣ ಗಾಳಿಯಲ್ಲಿ ನೀರಿನ ಪಸೆ ಇದ್ದರೆ ಸಾಕು, ಒಣಗುವಾಗ ಮೇಲೆ ಬಿಳಿ ಮಸುಕು ಕಟ್ಟುತ್ತಿತ್ತು. ಆಗ ಅಷ್ಟನ್ನೂ ಉಜ್ಜಿ ತೆಗೆದು ಮೊದಲಿಂದ ಶುರು ಮಾಡಬೇಕು. ಜೂನ್ ಬಂತೆಂದರೆ ನಾನು ಶೆಡ್ಡಿನ ಬಾಗಿಲು ಹಾಕಿಕೊಂಡು ಒಲೆ ಉರಿಸಿ ಗೋಡೆ ಒಣಗಿಸುತ್ತಿದ್ದೆ. ಬಣ್ಣದ ಹೊಗೆ ಒಂದು ಕಡೆ, ಸೌದೆ ಹೊಗೆ ಇನ್ನೊಂದು ಕಡೆ. ಶ್ವಾಸಕೋಶ ಏನಾಗಿದೆ ಎಂದು ಡಾಕ್ಟರ ಹತ್ತಿರ ಕೇಳಬೇಕಾಗಿಯೇ ಇಲ್ಲ.

ನನಗೆ ಕೆಲಸ ಕಲಿಸಿದವರು ಶಿವಮೊಗ್ಗದ ಖಾದರ್ ಉಸ್ತಾದರು. ಒಳ್ಳೆಯ ಮಾತು ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಬಾನೆಟ್ಟಿನ ಮೇಲೆ ಅಂಗೈ ಆಡಿಸುವರು. ಕೈ ನಿಂತಲ್ಲಿ ತಪ್ಪಿದೆ ಎಂದು ಅರ್ಥ. ಹಳೆಯ ಗಾಡಿ ಬಂದರೆ ಮೊದಲು ಅದರ ಬಣ್ಣ ಓದಬೇಕು ಎನ್ನುವರು. ಅಂದರೆ ಒಂದು ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗವನ್ನು ಸುತ್ತು ಸುತ್ತಾಗಿ ಇಳಿಜಾರಿನಂತೆ ಉಜ್ಜುತ್ತ ಹೋಗುವುದು. ಯಾವ ಬಣ್ಣದ ಕೆಳಗೆ ಯಾವ ಬಣ್ಣ ಇತ್ತು ಎಂದು ಬಳೆ ಬಳೆಯಾಗಿ ಕಾಣಿಸುತ್ತದೆ. ತೀರ ಒಳಗಿನ ಬಳೆ ಫ್ಯಾಕ್ಟರಿಯದು. ಈಗ ಕಂಪ್ಯೂಟರಿಗೆ ನಂಬರ್ ಹೇಳಿದರೆ ಡಬ್ಬಿಯಲ್ಲಿ ಬಣ್ಣ ಕಲಸಿ ಕೊಡುತ್ತಾರೆ, ಒಳ್ಳೆಯದೇ. ಆದರೆ ಹಳೆಯ ಗಾಡಿ ತನ್ನ ನಂಬರನ್ನು ಹೇಳುವುದಿಲ್ಲ. ನೀವೇ ಉಜ್ಜಿ ನೋಡಬೇಕು.

ಓದದೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಎನ್.ಆರ್.ಪುರದ ಕಡೆಯಿಂದ ಬಂದ ಒಂದು ಜೀಪು ಸಾಕು. ಎಸ್ಟೇಟಿನ ಗಾಡಿ. ಬಣ್ಣ ಹೊಡೆದ ವಾರದೊಳಗೆ ಬಾಗಿಲಿನ ಕೆಳಭಾಗದಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ಮತ್ತೆ ಹೊಡೆದೆ, ಮತ್ತೆ ಎದ್ದಿತು. ಆಮೇಲೆ ಅದರ ಡ್ರೈವರು ನಿಧಾನಕ್ಕೆ ಬಾಯಿ ಬಿಟ್ಟ. ತುಕ್ಕು ಹಿಡಿಯದಿರಲಿ ಎಂದು ಪ್ರತಿ ವರ್ಷ ಚೊಗರು ಬಳಿಯುತ್ತಿದ್ದನಂತೆ! ಚೊಗರು ಎಂದರೆ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕಂದು ರಸ. "ಮರಕ್ಕೆ ಬಳೀತೀವಲ್ಲ ಸೋಮಣ್ಣ, ಕಬ್ಬಿಣಕ್ಕೆ ಎಂತಕ್ಕೆ ಆಗಲ್ಲ?" ಎಂದು ನನ್ನನ್ನೇ ಕೇಳಿದ. ತಗಡು ಕಾಣುವವರೆಗೆ ಕೆರೆದೆ, ಅಷ್ಟೇ.

ಶೃಂಗೇರಿಯಲ್ಲಿ ಒಬ್ಬರು ಹೋಟೆಲಿನವರು ತಮ್ಮ ವ್ಯಾನಿನ ಬಾಗಿಲಿಗೆ ನಾನು ಬಣ್ಣ ಹೊಂದಿಸುವಾಗ ಪಕ್ಕದಲ್ಲೇ ನಿಂತಿದ್ದರು. ಟ್ಯೂಬ್‌ಲೈಟಿನಲ್ಲಿ ಬಾಗಿಲೂ ಗಾಡಿಯ ಮೈಯೂ ಒಂದೇ ಕಂಡವು, ಸಂತೋಷಪಟ್ಟು ಕಾಫಿ ಕೊಡಿಸಿದರು. ಬೆಳಿಗ್ಗೆ ಬಿಸಿಲಿಗೆ ತಂದು ನೋಡಿದರೆ ಬಾಗಿಲು ಬೇರೆ ಗಾಡಿಯದು. ಕಾಫಿ ಕೊಡಿಸಿದ್ದಕ್ಕೂ ಸೇರಿಸಿ ಬೈದರು. ಬಣ್ಣವನ್ನು ಬೆಳಗಿನ ನೆರಳಿನಲ್ಲಿ ಹೊಂದಿಸಬೇಕು ಎಂದು ಆ ದಿನದಿಂದ ಯಾರು ಅವಸರ ಮಾಡಿದರೂ ನಾನು ಜಗ್ಗಲಿಲ್ಲ.

ಹೀಗೆ ಹೇಳುತ್ತ ಹೋದರೆ ಮುಗಿಯುವುದಿಲ್ಲ. ಒಂದು ಗಾಡಿಯ ವಿಷಯವನ್ನು ಮಾತ್ರ ಪೂರ್ತಿ ಹೇಳಿಬಿಡುತ್ತೇನೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹಳೆಯ ಕಾರುಗಳಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂದ ಕಾಲ ಅದು. ಅಲ್ಲಿಯವರೆಗೆ ಕೋಳಿ ಮೊಟ್ಟೆ ಇಡುತ್ತಿದ್ದ ಗಾಡಿಗಳನ್ನು ಜನ ತೊಳೆದು ನನ್ನ ಶೆಡ್ಡಿಗೆ ತರತೊಡಗಿದರು.

ಕೊಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಸುಬ್ರಾಯರು ಕಮ್ಮರಡಿಯ ಕಡೆಯವರು. ಐವತ್ತೈದರ ಆಸುಪಾಸು, ಮಿತಭಾಷಿ, ಊರಲ್ಲಿ ಹೆಸರಿದ್ದ ಮನುಷ್ಯ. ಅವರ ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ತಂದೆಯ ಹಳೆಯ ಫಿಯೆಟ್ ಕಾರನ್ನು ಒಂದು ದಿನ ಡ್ರೈವರನ ಕೈಲಿ ಓಡಿಸಿಕೊಂಡು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಕೆನೆ ಬಣ್ಣ, ಅಲ್ಲಲ್ಲಿ ಸುಲಿದಿತ್ತು.

"ಸೋಮಣ್ಣ, ಮಂಗಳೂರಲ್ಲಿ ಹಳೇ ಕಾರುಗಳ ರ್‍ಯಾಲಿ ಅಂತೆ. ಫ್ಯಾಕ್ಟರಿಯಿಂದ ಬಂದ ದಿನ ಹೆಂಗಿತ್ತೋ ಹಂಗೇ ಇರೋ ಕಾರಿಗೆ ಬಹುಮಾನ. ಇದನ್ನ ಹಂಗೆ ಮಾಡಿ ಕೊಡ್ಬೇಕು ನೀನು."

"ಬಂದ ದಿನ ನಾನು ನೋಡಿಲ್ವಲ್ಲ ಸುಬ್ರಾಯ್ರೇ."

"ನಾನು ನೋಡಿದೀನಿ ಮಾರಾಯ! ಇದೇ ಕೆನೆ ಬಣ್ಣ, ಫಳಫಳ ಅಂತಿತ್ತು. ಅಪ್ಪಯ್ಯ ಬೊಂಬಾಯಿ ಕಂಪನಿ ಕೆಲಸ ಬಿಟ್ಟು ಬರುವಾಗ ಹೊಸದನ್ನೇ ತಗೊಂಡು ಬಂದಿದ್ದು. ನಮ್ಮ ಕಡೆ ಹೊಸಾ ಕಾರು ಅಂತ ತಂದವರು ಅವ್ರೇ ಮೊದ್ಲು."

ಹೇಳುವಾಗ ಅವರ ಮುಖ ಬೇರೆಯೇ ಆಯಿತು. ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನೀವೇ ಓಡಿಸಿಕೊಂಡು ಹೋಗುತ್ತೀರಾ ರ್‍ಯಾಲಿಗೆ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದರು. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಹುಡುಗನಾಗಿದ್ದಾಗ ಹುಚ್ಚು ಹಿಡಿದ ಹಾಗೆ ಆಸೆ ಇತ್ತಂತೆ. ಕಾಲೇಜು ತಪ್ಪಿಸಿ ಒಬ್ಬ ಲಾರಿಯವನ ಹತ್ತಿರ ಕದ್ದು ಕಲಿಯುತ್ತಿದ್ದರು. ಬಸ್ಸೋ ಲಾರಿಯೋ ಓಡಿಸಿಕೊಂಡು ಊರೂರು ತಿರುಗಬೇಕು ಎಂಬ ಲೆಕ್ಕಾಚಾರ. ತಂದೆಗೆ ಗೊತ್ತಾಯಿತು. ಕಮ್ಮರಡಿ ಪೇಟೆಯಲ್ಲಿ, ಬಸ್ಸಿಗೆ ಕಾಯುತ್ತಿದ್ದವರೆಲ್ಲರ ಎದುರು, ಲಾರಿಯ ಸೀಟಿನಿಂದ ಎಳೆದು ಬೆಲ್ಟಿನಲ್ಲಿ ಹೊಡೆದರು. 'ನಮ್ಮ ಮನೆ ಮಾಣಿ ಬಾಡಿಗೆ ಗಾಡಿ ಓಡ್ಸದಾ?' ಎಂದು ಕೇಳುತ್ತ ಹೊಡೆದರಂತೆ.

"ನೋಡು," ಎಂದು ಸುಬ್ರಾಯರು ಮುಂಗೈ ಚಾಚಿದರು. ಬೆಲ್ಟಿನ ಬಕಲ್ ತಾಗಿದ ಗುರುತು ಇನ್ನೂ ಇತ್ತು. "ಆಮೇಲೆ ಸ್ಟೇರಿಂಗ್ ಮುಟ್ಲಿಲ್ಲ ನಾನು. ಆವತ್ತು ಅವರು ಹೊಡೀದೆ ಇದ್ದಿದ್ರೆ ನಾನು ಇವತ್ತು ಯಜಮಾನ ಆಗ್ತಿದ್ನಾ? ದೊಡ್ಡ ಮನುಷ್ಯ ಅವ್ರು." ಆ ಗುರುತನ್ನು ಅವರು ಪದಕದ ಹಾಗೆ ತೋರಿಸುತ್ತಿದ್ದರು.

ನಾನು ಕಾರಿನ ಸುತ್ತ ಒಂದು ಸುತ್ತು ಬಂದೆ. ಮುಂದಿನ ಎಡ ಮಡ್‌ಗಾರ್ಡಿನ ಮೇಲೆ, ಬಾನೆಟ್ಟಿನ ಅಂಚಿಗೆ, ಕುಂಕುಮದ ಕಲೆ ಬಣ್ಣದೊಳಕ್ಕೆ ಇಳಿದುಬಿಟ್ಟಿತ್ತು. ಎಲ್ಲರೂ ಬಾನೆಟ್ಟಿನ ನಡುವೆ ಇಡುತ್ತಾರಲ್ಲ, ಇದೇನು ಎಂದೆ.

"ಅದು ನಮ್ಮನೆ ಕ್ರಮ. ಆಯುಧಪೂಜೆಗೆ ಮೊದಲ ಕುಂಕುಮ ಅಲ್ಲಿಗೇ. ಅಪ್ಪಯ್ಯ ಹಂಗೇ ಮಾಡ್ತಿದ್ರು, ನಾನೂ ಹಂಗೇ ಮಾಡ್ತೀನಿ. ತೆಂಗಿನಕಾಯಿ ಒಡೆಯೋದೂ ಅದರ ಎದುರಿಗೇ."

ಒಂದೊಂದು ಮನೆಗೆ ಒಂದೊಂದು ಕ್ರಮ. ನಾನು ಮತ್ತೆ ಕೇಳಲಿಲ್ಲ.

ಫ್ಯಾಕ್ಟರಿ ಬಣ್ಣ ಎನ್ನುವುದು ಎಷ್ಟು ತಲೆನೋವು ಎಂದು ಇಲ್ಲಿ ಹೇಳಬೇಕು. ಹೊಳೆಯುವ ಹಾಗೆ ಮಾಡು ಎಂದರೆ ಸುಲಭ. ಪಾಲಿಶ್ ಹಾಕುತ್ತ ಹೋದರಾಯಿತು. ಆದರೆ ಆ ಕಾಲದ ಫ್ಯಾಕ್ಟರಿ ಬಣ್ಣ ಕಿತ್ತಳೆ ಸಿಪ್ಪೆಯ ಹಾಗೆ ಚೂರು ತರಿತರಿಯಾಗಿ ಇರುತ್ತಿತ್ತು. ಬಾಗಿಲಿನ ಒಳ ಅಂಚಿನಲ್ಲಿ ತೆಳ್ಳಗೆ, ಡಿಕ್ಕಿಯ ಒಳಗೆ ಮಂಕು. ಹಾಗೇ ಮಾಡಬೇಕು. ಇಡೀ ಆಯುಷ್ಯ ನಯ ಮಾಡಲು ಕಲಿತ ಕೈಯನ್ನು ಸಾಕು ನಿಲ್ಲು ಎಂದು ಅಲ್ಲಲ್ಲಿ ಹಿಡಿದು ನಿಲ್ಲಿಸಬೇಕು. ನನಗೆ ಈ ಕೆಲಸ ಯಾವತ್ತೂ ಇಷ್ಟವಾಗಲಿಲ್ಲ.

ಸರಿ, ಓದಲು ಕೂತೆ. ಡಿಕ್ಕಿಯ ಅಂಚಿನಲ್ಲಿ ಉಜ್ಜಿದೆ. ಕೆನೆ ಬಣ್ಣ ಹೋಯಿತು, ಕೆಳಗೆ ಪ್ರೈಮರ್. ಪ್ರೈಮರ್ ಹೋದ ಮೇಲೆ ಕಪ್ಪು ಬಂತು. ಕಪ್ಪಾ? ನೀರು ಹಾಕಿ ಒರೆಸಿ ನೋಡಿದೆ, ಕಪ್ಪೇ. ಅದರ ಕೆಳಗೆ ಮತ್ತೊಂದು ಬಳೆ, ಬೂದು ಮಿಶ್ರಿತ ನೀಲಿ, ಅದರ ಅಡಿಯಲ್ಲಿ ಕೆಂಪು ಪ್ರೈಮರ್ ಮತ್ತು ತಗಡು. ಅಂದರೆ ಫ್ಯಾಕ್ಟರಿ ಬಣ್ಣ ಬೂದು ನೀಲಿ. ಹಾಗಾದರೆ ನಡುವೆ ಕಪ್ಪು ಯಾಕೆ? ಮೇಲೆ ಟಾಪಿನಲ್ಲಿ ಉಜ್ಜಿದೆ. ಅಲ್ಲಿ ಕೆನೆಯ ಕೆಳಗೆ ಕಪ್ಪು ಇರಲಿಲ್ಲ. ಹಳದಿ ಇತ್ತು.

ಅಷ್ಟರಲ್ಲಿ ನನ್ನ ಜೊತೆಗೆ ತಗಡಿನ ಕೆಲಸ ಮಾಡುತ್ತಿದ್ದ ಟಿಂಕರ್ ಮೋನಪ್ಪ ಎಡ ಮಡ್‌ಗಾರ್ಡಿನ ಬಣ್ಣ ಕೆರೆಯುತ್ತಿದ್ದವನು ನನ್ನನ್ನು ಕರೆದ. ಕುಂಕುಮದ ಕಲೆ ಇದ್ದಲ್ಲಿ ಪುಟ್ಟಿ ಗಟ್ಟಿಯಾಗಿ ಕೂತಿತ್ತು. ಅದನ್ನು ಎಬ್ಬಿಸಿದರೆ ಕೆಳಗೆ ಬೋಲ್ಟಿನ ತೂತುಗಳು, ಹಿತ್ತಾಳೆ ಕರಗಿಸಿ ಮುಚ್ಚಿದ್ದರು. ಮೋನಪ್ಪ ಪ್ರಾಯದಲ್ಲಿ ಬೊಂಬಾಯಿಯ ಗ್ಯಾರೇಜುಗಳಲ್ಲಿ ಇದ್ದವನು. ಸುಮ್ಮನೆ ಬೀಡಿ ಹಚ್ಚಿಕೊಂಡ.

"ಸೋಮಣ್ಣ, ಇದು ಮೀಟರ್ ಕೂರ್ಸಿದ ಜಾಗ ಮಾರಾಯ. ಅಲ್ಲಿ ಟ್ಯಾಕ್ಸಿಗಳಿಗೆ ಮೀಟರ್ ಹೊರಗೇ ಇರೋದು, ಎಡಗಡೆ. ದಸರೆಗೆ ಡ್ರೈವರುಗಳು ಗಾಡಿಗಿಂತ ಮೊದ್ಲು ಮೀಟರಿಗೇ ಕುಂಕುಮ ಇಡ್ತಿದ್ರು. ಅನ್ನ ಕೊಡೋದು ಅದೇ ಅಲ್ವಾ."

ಕಪ್ಪು ಮೈ, ಹಳದಿ ಟಾಪು, ಎಡಕ್ಕೆ ಮೀಟರು. ಈ ಕಾರು ಬರೀ ಟ್ಯಾಕ್ಸಿ ಆಗಿದ್ದರೆ, ಸೆಕೆಂಡ್‌ಹ್ಯಾಂಡ್ ತಂದಿದ್ದಾರೆ ಎಂದುಕೊಳ್ಳಬಹುದಿತ್ತು. ಆದರೆ ಮೀಟರು ಇದ್ದ ಜಾಗಕ್ಕೆ ಸಾಯುವವರೆಗೆ ಕುಂಕುಮ ಇಟ್ಟವರು ಅದನ್ನು ಓಡಿಸಿದವರೇ ಇರಬೇಕು.

"ಬಾಯಿ ಮುಚ್ಕೊಂಡು ಕೆನೆ ಬಣ್ಣ ಹೊಡೆದು ಕಳ್ಸು," ಎಂದ ಮೋನಪ್ಪ. "ನಮಗೆ ಎಂತಕ್ಕೆ ದೊಡ್ಡವರ ಮನೆ ಉಸಾಬರಿ?"

ನನಗೂ ಅದೇ ಸರಿ ಎನ್ನಿಸಿತು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಯಾರ ಕಥೆಯೂ ಬೇಕಾಗಿರಲಿಲ್ಲ. ಬೆನ್ನು ನೋವು ಹೆಚ್ಚಾಗಿತ್ತು. ಆದರೆ ರ್‍ಯಾಲಿಯಲ್ಲಿ ಕಾರು ನೋಡುವವರಿಗೂ ಬಣ್ಣ ಓದಲು ಬರುತ್ತದೆ. ಯಾರೋ ಒಬ್ಬ ಬಾಗಿಲಂಚಿನ ಬೀಡಿಂಗ್ ರಬ್ಬರ್ ಎತ್ತಿ ಕೆಳಗಿನ ಬಣ್ಣ ನೋಡಿ, ನೂರು ಜನರ ಮುಂದೆ, ಇದು ಟ್ಯಾಕ್ಸಿ ಅಲ್ಲವಾ ಸಾರ್ ಎಂದರೆ? ಆ ಮನುಷ್ಯ ಅಲ್ಲೇ ಕುಸಿದುಹೋಗುತ್ತಾರೆ. ಅದಕ್ಕಿಂತ ನನ್ನ ಶೆಡ್ಡಿನಲ್ಲಿ ಗೊತ್ತಾಗುವುದು ಮೇಲು ಎಂದುಕೊಂಡು ಹೇಳಿ ಕಳಿಸಿದೆ.

ಸುಬ್ರಾಯರು ಬಂದರು. ನಾನು ಮೊದಲು ಡಿಕ್ಕಿಯ ಅಂಚು ತೋರಿಸಿದೆ, ಆಮೇಲೆ ಟಾಪು. ಅವರು "ಹ್ಞೂಂ, ಹ್ಞೂಂ" ಎನ್ನುತ್ತ ಬಗ್ಗಿ ನೋಡಿದರು. ಅರ್ಥವಾಗಲಿಲ್ಲ. ಮಡ್‌ಗಾರ್ಡಿನ ತೂತು ತೋರಿಸಿ ಮೋನಪ್ಪ ಮೀಟರಿನ ವಿಷಯ ಹೇಳಿದ. ಆಗ ಅರ್ಥವಾಯಿತು. ಪ್ರೈಮರಿನ ಖಾಲಿ ಡಬ್ಬಿಯ ಮೇಲೆ ಕೂತುಬಿಟ್ಟರು.

"ನಾನು ಇಷ್ಟು ವರ್ಷ ಮೀಟರಿಗೆ ಕುಂಕುಮ ಇಟ್ಟಿದ್ನಾ?"

ಮೋನಪ್ಪ ಕೆರೆಯುವ ಪಟ್ಟಿಯನ್ನು ಕೆಳಗಿಟ್ಟ.

"ಅವರೇ ಓಡ್ಸಿದ್ದಾ ಇದನ್ನ? ಬಾಡಿಗೆಗೆ?" ಎನ್ನುತ್ತ ಅವರು ತಮ್ಮ ಮುಂಗೈ ನೋಡಿಕೊಂಡರು. ಬಕಲಿನ ಗುರುತನ್ನು ಇನ್ನೊಂದು ಕೈಯ ಹೆಬ್ಬೆರಳಿಂದ ಉಜ್ಜತೊಡಗಿದರು. "ತಾನು ಓಡ್ಸಿ, ನಾನು ಸೀಟಲ್ಲಿ ಕೂತಿದ್ದಕ್ಕೆ ಊರೆದುರಿಗೆ ಹೊಡೆದ್ರಾ?" ಅಷ್ಟು ಹೇಳುವಷ್ಟರಲ್ಲಿ ಅವರ ದನಿ ಏರಿತು. "ಥೂ! ಎಂಥ ಮನುಷ್ಯ ಇವ್ರು! ಕೆನೆ ಬಣ್ಣ ಹೊಡಿ ಸೋಮಣ್ಣ. ದಪ್ಪಕ್ಕೆ ಹೊಡಿ. ಯಾರಾದ್ರೂ ಉಜ್ಜಿದ್ರೂ ಕಾಣ್ಬಾರ್ದು."

ಹೊರಟರು. ಬಾಗಿಲವರೆಗೆ ಹೋದವರು ತಿರುಗಿ, "ಹೊಡೀಬೇಡ, ಇರು. ಅಮ್ಮನ್ನ ಕೇಳ್ತೀನಿ," ಎಂದರು. ಗಟ್ಟಿ ಮನುಷ್ಯ ಹಾಗೆ ಚಪ್ಪಲಿ ಎಳೆದುಕೊಂಡು ಹೋಗುವುದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಅವರ ತಾಯಿ ಗೌರಮ್ಮನವರಿಗೆ ಎಂಬತ್ತರ ಹತ್ತಿರ. ಮರುದಿನವೇ ಮಗನ ಜೊತೆ ಆಟೋದಲ್ಲಿ ಬಂದಿಳಿದರು. ಸಣ್ಣ ದೇಹ, ಚುರುಕು ಮಾತು. ನನ್ನ ಶೆಡ್ಡಿನ ವಾಸನೆಗೆ ಮೂಗು ಮುಚ್ಚಿಕೊಂಡು, "ಇದ್ರಲ್ಲಿ ಹೆಂಗೆ ಇರ್ತೀಯ ಮಾರಾಯ ನೀನು?" ಎಂದರು. ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದ ಗಿರಾಕಿ ಅವರೊಬ್ಬರೇ.

"ಎಲ್ಲಿ, ತೋರ್ಸು," ಎಂದರು. ತೋರಿಸಿದೆ. ಕನ್ನಡಕ ಏರಿಸಿ, ಕಪ್ಪು ಬಳೆಯ ಮೇಲೆ ಬೆರಳಿಟ್ಟರು. "ಹೌದು. ಇದೇ. ಮೇಲೆ ಹಳದಿ ಇತ್ತು."

"ಅಮ್ಮಾ, ನಿಂಗೆ ಗೊತ್ತಿತ್ತಾ?" ಎಂದರು ಸುಬ್ರಾಯರು.

"ಗೊತ್ತಿಲ್ದೆ ಎಂತ? ನಿನ್ನನ್ನ ಅಜ್ಜಿ ಹತ್ರ ಬಿಟ್ಟು ಒಂದು ಬೇಸಿಗೆ ನಾನೂ ಅಲ್ಲಿದ್ದೆ ಅಲ್ದಾ? ಬಾಡಿಗೆ ಮುಗ್ಸಿ ಬಂದು ಸಮುದ್ರ ತೋರ್ಸಕ್ಕೆ ಕರ್ಕಂಡು ಹೋಗ್ತಿದ್ರು. ಬೊಂಬಾಯಿ ಬಿಟ್ಟು ಬರುವಾಗ ಹುಬ್ಬಳ್ಳಿಲಿ ನಿಲ್ಲಿಸಿ ಕೆನೆ ಬಣ್ಣ ಹೊಡ್ಸಿ, ಸೀಟು ಬದಲ್ಸಿ, ಆಮೇಲೆ ಊರೊಳಗೆ ತಂದ್ರು. ಹೊಸದು ಅಂತ ಅವ್ರು ಹೇಳ್ಲಿಲ್ಲ. ಊರವ್ರು ಹೇಳಿದ್ರು, ಇವ್ರು ಅಲ್ಲ ಅನ್ಲಿಲ್ಲ."

"ಮತ್ತೆ ನಂಗೆ ಎಂತಕ್ಕೆ ಹೊಡೆದದ್ದು?"

ಗೌರಮ್ಮ ಕಾರಿನ ಹಿಂದಿನ ಬಾಗಿಲಿಗೆ ಒರಗಿ ನಿಂತರು. "ಅಲ್ಲಿ ಅವ್ರನ್ನ ಯಾರೂ ಹೆಸರು ಹಿಡಿದು ಕರೀತಿರ್ಲಿಲ್ಲ ಮಾಣಿ. ಚಪ್ಪಾಳೆ ತಟ್ಟಿ ಕರೀತಿದ್ರು. ಕುಡಿದವ್ರು ಹಿಂದಿಂದ ಸೀಟಿಗೆ ಒದೀತಿದ್ರಂತೆ. ಊಟಕ್ಕೆ ಕೂತ್ರೆ ಅದನ್ನೇ ಹೇಳೋರು. ನೀನು ಲಾರಿ ಸೀಟಲ್ಲಿ ಕೂತಿದ್ದು ನೋಡಿ ಅವರಿಗೆ ಅದೆಲ್ಲ ಕಣ್ಣೆದುರು ಬಂದಿರ್ಬೇಕು. ಹೊಡೆದದ್ದು ತಪ್ಪೇ. ಆವತ್ತೇ ಅವರಿಗೆ ಹೇಳಿದೀನಿ. ನಿಂಗೆ ಹೇಳಿರ್ಲಿಲ್ಲ ಅಷ್ಟೇ."

"ಹೇಳ್ಬೇಕಿತ್ತು ಅಮ್ಮಾ," ಎಂದರು ಸುಬ್ರಾಯರು. ಅಷ್ಟು ದೊಡ್ಡ ಮನುಷ್ಯ, ನಮ್ಮೆದುರೇ ಅತ್ತರು. ಮೋನಪ್ಪ ಏನೋ ನೆಪ ಮಾಡಿಕೊಂಡು ಹೊರಗೆ ಹೋದ. ನನಗೆ ಹೋಗಲು ದಾರಿ ಇರಲಿಲ್ಲ, ಕಾರು ಅಡ್ಡ ಇತ್ತು.

"ನಾಚಿಕೆ ಇದ್ದಿದ್ದು ಅವರಿಗೆ," ಎಂದರು ಗೌರಮ್ಮ. "ನಂಗೆ ಯಾವತ್ತೂ ಇರ್ಲಿಲ್ಲ. ನಂಗೆ ಆ ಹಳದಿನೇ ಚಂದ ಕಾಣ್ತಿತ್ತು."

ಆಮೇಲೆ ಬಹಳ ದಿನ ಸುಬ್ರಾಯರ ಸುದ್ದಿ ಇಲ್ಲ. ಕಾರು ಶೆಡ್ಡಿನ ಅರ್ಧ ಜಾಗ ತಿಂದುಕೊಂಡು ನಿಂತಿತ್ತು. ಕೇಳಿದ್ದು ಫ್ಯಾಕ್ಟರಿ ಬಣ್ಣ ತಾನೇ ಎಂದು ನಾನು ಬೂದು ನೀಲಿಯನ್ನು ಹೊಂದಿಸಲು ಕೂತೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬಿಸಿಲೇ ಕಾಣದ ಒಂದು ಮೂಲೆ ಸಿಕ್ಕಿತು. ಅಲ್ಲಿಯ ಬಣ್ಣವೇ ನಿಜವಾದದ್ದು. ಬಿಳಿಗೆ ನೀಲಿ, ನೀಲಿಗೆ ಒಂದು ತೊಟ್ಟು ಕಪ್ಪು, ಹೆಚ್ಚಾಯಿತು ಎಂದು ಮತ್ತೆ ಬಿಳಿ. ತಗಡಿನ ತುಂಡುಗಳ ಮೇಲೆ ಹೊಡೆದು, ಒಣಗಿಸಿ, ಬೆಳಗಿನ ನೆರಳಿನಲ್ಲಿ ಹಿಡಿದು ನೋಡಿ, ಬಿಸಾಡಿ, ಮತ್ತೆ ಕಲಸಿ. ಕೊನೆಗೆ ಮೂಲೆಗೂ ತಗಡಿಗೂ ವ್ಯತ್ಯಾಸ ಕಾಣದ ಹಾಗೆ ಒಂದು ಬಂತು. ನನ್ನ ಕೈಯಿಂದ ಅಂಥದ್ದು ಮತ್ತೆ ಬರಲಿಲ್ಲ. ಉಸ್ತಾದರಿದ್ದರೂ ಬೈಯಲು ಜಾಗ ಹುಡುಕಬೇಕಿತ್ತು.

ಈ ನಡುವೆ ಒಂದು ದಿನ ಪೇಟೆಯಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ಗಕ್ಕನೆ ನಿಂತು ಹಿಂದಿದ್ದವರೆಲ್ಲ ಹಾರನ್ ಹಾಕುತ್ತಿದ್ದರು. ಬಗ್ಗಿ ನೋಡಿದರೆ ಸ್ಟೇರಿಂಗಿನ ಹಿಂದೆ ಸುಬ್ರಾಯರು, ಬೆವರು ಸುರಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. "ಕ್ಲಚ್ಚು ಸಾರ್, ಕ್ಲಚ್ಚು!" ಎಂದು ಕಲಿಸುವವನು ಕೂಗುತ್ತಿದ್ದ. ಅವರು ನನ್ನನ್ನು ನೋಡಿದರೂ ನೋಡದ ಹಾಗೆ ಮಾಡಿದರು. ನಾನೂ ನೋಡದ ಹಾಗೆ ಬಂದುಬಿಟ್ಟೆ.

ಕೊನೆಗೆ ಒಂದು ಬೆಳಿಗ್ಗೆ ಶೆಡ್ಡಿಗೆ ಬಂದರು. ನಾನು ಹೆಮ್ಮೆಯಿಂದ ಬೂದು ನೀಲಿಯ ತಗಡನ್ನು ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

"ಚಂದ ಇದೆ ಸೋಮಣ್ಣ. ಆದ್ರೆ ಈ ಬಣ್ಣದಲ್ಲಿ ಅಪ್ಪಯ್ಯ ಕೂತೇ ಇಲ್ಲ ಅಲ್ವಾ?"

"ಕೂತಿರ್ಲಿಕ್ಕಿಲ್ಲ. ಅವರ ಕೈಗೆ ಬರುವಾಗಲೇ ಕಪ್ಪು ಹಳದಿ ಆಗಿರ್ಬೇಕು."

"ಹಂಗಾದ್ರೆ ಅವರು ಕೂತ ಬಣ್ಣನೇ ಹೊಡಿ."

"ಟ್ಯಾಕ್ಸಿ ಬಣ್ಣಾನಾ?" ನನಗೆ ಸಿಟ್ಟು ಬಂತು. "ನಾನು ಇಷ್ಟು ದಿನ ಕಣ್ಣು ಹಾಳು ಮಾಡ್ಕೊಂಡು ಇದನ್ನ ಹೊಂದ್ಸಿದ್ದು ಎಂತಕ್ಕೆ? ರ್‍ಯಾಲಿಲಿ ಒಂದು ಮಾರ್ಕೂ ಕೊಡಲ್ಲ ನಿಮಗೆ."

"ರ್‍ಯಾಲಿ ಯಾರಿಗೆ ಬೇಕು ಮಾರಾಯ. ಹೊಡಿ."

ಆ ನೀಲಿಯ ತಗಡನ್ನು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕಪ್ಪು ಎಂದರೆ ಪೇಂಟರುಗಳ ಶತ್ರು ಬೇರೆ. ಬಿಳಿಯಲ್ಲಿ ಮುಚ್ಚಿಹೋಗುವ ಎಲ್ಲ ಉಬ್ಬು ತಗ್ಗುಗಳೂ ಕಪ್ಪಿನಲ್ಲಿ ಎದ್ದು ಕಾಣುತ್ತವೆ. ಮೋನಪ್ಪನೂ ನಾನೂ ಉಜ್ಜಿ ಉಜ್ಜಿ ಬೆನ್ನು ಮುರಿದುಕೊಂಡೆವು. ಮುಗಿದ ಮೇಲೆ ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ಗಡ್ಡ ಬೋಳಿಸಬಹುದಿತ್ತು. ಸುಬ್ರಾಯರು ತಾಯಿಯನ್ನು ಕರೆತಂದರು. ಆಕೆ ಸುತ್ತ ಒಂದು ಸಲ ನಡೆದು ಬಂದು, ತಲೆ ಅಲ್ಲಾಡಿಸಿ ಬಿಡಬೇಕೇ?

"ಇಷ್ಟು ಹೊಳೀತಿರ್ಲಿಲ್ಲ ಮಾರಾಯ. ದಿನಾ ದುಡಿಯೋ ಗಾಡಿ ಅದು. ಇದು ಮದುವೆಗೆ ಹೊರಟಂಗಿದೆ."

ಮೋನಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ. ನಾನು ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಬಟ್ಟೆ ತಗೊಂಡೆ. ರಬ್ಬಿಂಗ್ ಕಾಂಪೌಂಡ್ ಎನ್ನುವ ತರಿ ಪೇಸ್ಟು ಹಚ್ಚಿ ಉಜ್ಜಿ ಇಡೀ ಕಾರನ್ನು ಮಂಕು ಮಾಡುತ್ತ ಹೋದೆ. ಬಂದ ಹೊಳಪನ್ನು ತೆಗೆಯುವುದು ತರುವುದಕ್ಕಿಂತ ಕಷ್ಟ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆದರೆ ತೇಪೆ ಹಾಕಿದಂತೆ ಕಾಣುತ್ತದೆ. ಆಕೆ ಶೆಡ್ಡಿನ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು, "ಇನ್ನೂ ಸ್ವಲ್ಪ, ಆ ಬಾಗಿಲು ಇನ್ನೂ ಸ್ವಲ್ಪ," ಎನ್ನುತ್ತಿದ್ದರು. ಸಾಕು ಎಂದಾಗ ನಾನು ನೆಲದ ಮೇಲೇ ಕೂತೆ. ಇಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಪರೀಕ್ಷೆ ಮಾಡಿದವರಲ್ಲಿ, ಇದ್ದದ್ದು ಹೇಗಿತ್ತು ಎಂದು ನಿಜವಾಗಿ ಗೊತ್ತಿದ್ದವರು ಅವರೇ. ಉಳಿದವರೆಲ್ಲ ಹೊಳಪು ನೋಡಿ ತಲೆದೂಗಿದವರು.

ಅದಾದ ಮೇಲೆ ನಾನು ದೊಡ್ಡ ಕೆಲಸ ಹಿಡಿಯಲಿಲ್ಲ. ಕೆಮ್ಮು ಜೋರಾಯಿತು, ಬಾಗಿಲು ಬಂಪರು ಎಂದು ಸಣ್ಣಪುಟ್ಟದ್ದು ಮಾಡಿಕೊಂಡಿದ್ದು ಆಮೇಲೆ ಅದನ್ನೂ ಬಿಟ್ಟೆ. ಕೆಲಸಕ್ಕೆ ಬರುವವರು ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ನಮ್ಮ ಹಾಗೆ ಟವೆಲು ಸುತ್ತಿಕೊಂಡರೆ ಸಾಲದು. ಬೇರೆ ಬುದ್ಧಿ ಹೇಳಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ.

ಕಾರು ಕೊಂಡೊಯ್ಯುವ ದಿನ ಸುಬ್ರಾಯರು ಡ್ರೈವರನ್ನು ಕರೆತರಲಿಲ್ಲ. ತಾಯಿಯನ್ನು ಹಿಂದೆ ಕೂರಿಸಿ ತಾವೇ ಸ್ಟೇರಿಂಗ್ ಹಿಡಿದರು. ಬಾಗಿಲಿನ ಬೀಡಿಂಗ್ ಸದ್ದು ಮಾಡುತ್ತದೋ ಎಂದು ಕೇಳಲು ನಾನು ಬಸ್‌ಸ್ಟ್ಯಾಂಡಿನವರೆಗೆ ಮುಂದೆ ಕೂತೆ. ಎರಡು ಸಲ ಆಫ್ ಆಯಿತು, ಮೂರನೆಯ ಸಲ ಹೊರಟಿತು. ಪೇಟೆಯ ಜನ ಅಂಗಡಿಗಳಿಂದ ಇಣುಕಿ ನೋಡಿದರು. ಯಾರೋ "ಎಂತ ಸುಬ್ರಾಯ್ರೇ, ಬೊಂಬಾಯಿ ಟ್ಯಾಕ್ಸಿ!" ಎಂದು ಕೂಗಿ ನಕ್ಕರು. ಸುಬ್ರಾಯರ ಕಿವಿ ಕೆಂಪಾಯಿತು, ಆದರೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಎನ್.ಆರ್.ಪುರದ ಬಸ್ಸಿನಿಂದ ಆಗ ತಾನೇ ಇಳಿದ ಒಬ್ಬ ಪರವೂರಿನ ಮನುಷ್ಯ, ಕೈಯಲ್ಲಿ ದೊಡ್ಡ ಚೀಲ, ರಸ್ತೆಗೆ ಬಂದು ಕೈ ಅಡ್ಡ ಹಿಡಿದ. ಸುಬ್ರಾಯರು ಗಾಬರಿಯಿಂದ ಬ್ರೇಕ್ ಒತ್ತಿದರು. ಆತ ಕಿಟಕಿಗೆ ಬಗ್ಗಿ, "ಶೃಂಗೇರಿಗೆ ಬಾಡಿಗೆಗೆ ಬರ್ತದಾ?" ಎಂದು ಕೇಳಿದ.

ಇದು ಬಾಡಿಗೆ ಗಾಡಿ ಅಲ್ಲ ಮಾರಾಯ, ಇವರು ಯಾರು ಗೊತ್ತಾ ಎನ್ನಲು ನಾನು ಬಾಯಿ ತೆರೆದೆ. ಸುಬ್ರಾಯರು ನನ್ನ ತೊಡೆಯ ಮೇಲೆ ಕೈ ಇಟ್ಟು ತಡೆದರು. ಕನ್ನಡಿಯಲ್ಲಿ ಒಮ್ಮೆ ತಾಯಿಯ ಮುಖ ನೋಡಿದರು. ಆಮೇಲೆ ಆತನ ಕಡೆ ತಿರುಗಿ, "ಹತ್ತಿ," ಎಂದರು.

ಹಿಂದಿನ ಸೀಟಿನಲ್ಲಿ ಗೌರಮ್ಮ ಸೆರಗು ಎಳೆದುಕೊಂಡು ಅತ್ತ ಸರಿದು ಆತನಿಗೆ ಜಾಗ ಮಾಡಿಕೊಟ್ಟರು.